ಪದವಿಯ ವಿದ್ಯಾಭ್ಯಾಸದಲ್ಲಿ ಅನ್ಯವಿಷಯಗಳ ಸ್ಥಾನ

ಮಗಳು ಹೈಸ್ಕೂಲನ್ನು ಮುಗಿಸಿ, ಪಿ.ಯು. ತರಗತಿಗಳನ್ನೂ ದಾಟಿ, ಕಾಲೇಜಿನ ಬಾಗಿಲಲ್ಲಿ ನಿಲ್ಲುವ ಸಮಯದಲ್ಲಿ ಮಾತಾಪಿತೃಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಅನೇಕವಾಗಿರುತ್ತವೆ. ಯಾವ ಕಾಲೇಜು, ಎಷ್ಟು ಶುಲ್ಕ, ಹಾಸ್ಟೆಲು ಎಂಥದು, ಓದಿದ ಮೇಲೆ ಉದ್ಯೋಗವುಂಟೋ ಇಲ್ಲವೋ, ಇವೆಲ್ಲವೂ ನ್ಯಾಯವಾದ ಪ್ರಶ್ನೆಗಳೇ ಸರಿ. ಆದರೆ ಇತ್ತೀಚಿನ ವರ್ಷಗಳಲ್ಲಿ ಇವುಗಳ ಸಂಗಡ ಮತ್ತೊಂದು ಪ್ರಶ್ನೆಯೂ ಸೇರಿಕೊಂಡಿದೆ. ನಮ್ಮ ಶಾಲೆಯ ಕಛೇರಿಗೆ ವರ್ಗಾವಣೆ ಪತ್ರಕ್ಕೋ ಅಂಕಪಟ್ಟಿಗೋ ಬರುವ ತಂದೆತಾಯಿಗಳು ಮಾತಿಗೆ ಮಾತು ಬಂದಾಗ ಇದನ್ನು ಕೇಳದೆ ಹೋಗುವುದಿಲ್ಲ: "ಮೇಡಂ, ಮಗಳನ್ನು ಲೆಕ್ಕಪತ್ರ ಕಲಿಯಲೆಂದು ಬಿ.ಕಾಂ.ಗೆ ಸೇರಿಸಿದ್ದೇವೆ. ಅವಳಿಗೆ ಪರಿಸರದ ಪಾಠವೇಕೆ? ಸಂವಿಧಾನದ ಪಾಠವೇಕೆ? ತನ್ನ ವಿಷಯವನ್ನು ಓದುವುದಕ್ಕೇ ಹೊತ್ತು ಸಾಲದಿರುವಾಗ ಈ ಹೊರಗಿನ ವಿಷಯಗಳ ಹೊರೆ ಯಾತಕ್ಕೆ?"

ಈ ಪ್ರಶ್ನೆಯನ್ನು ನಗೆಯಿಂದ ತಳ್ಳಿಹಾಕತಕ್ಕದ್ದಲ್ಲ. ಶುಲ್ಕವನ್ನು ಕೊಡುವವರು ಅವರು. ಬೆಳಿಗ್ಗೆ ಆರು ಘಂಟೆಯ ಬಸ್ಸಿಗೆ ಮಗಳನ್ನು ಹತ್ತಿಸಿ ಕಳುಹಿಸುವವರೂ ಅವರೇ. ಆದಕಾರಣ ಕೇಳುವ ಅಧಿಕಾರವು ಅವರಿಗೆ ಪೂರ್ಣವಾಗಿ ಉಂಟು. ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿರುವುದರಿಂದಲೂ, ಕೆಲವರು ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವುದರಿಂದಲೂ, ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಿವರವಾಗಿ ಬರೆಯಬೇಕೆಂದು ತೋರಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿಯೊಬ್ಬ ಕಾಲೇಜು ವಿದ್ಯಾರ್ಥಿನಿಯೂ ತಾನು ಆರಿಸಿಕೊಂಡ ವಿಷಯದ ಹೊರಗಿನ ಕೆಲವನ್ನು ಕಡ್ಡಾಯವಾಗಿ ಓದಲೇಬೇಕು. ಆದರೆ ಈಗ ಬಹುಕಡೆಗಳಲ್ಲಿ ಅವನ್ನು ಓದಿಸುತ್ತಿರುವ ರೀತಿಯಲ್ಲಿಯೇ ಓದಿಸುವುದಾದರೆ, ಓದಿಸದೆ ಬಿಡುವುದರಿಂದ ಹೆಚ್ಚಿನ ನಷ್ಟವೇನೂ ಆಗದು.

ಮೊದಲು ನಮ್ಮ ರಾಜ್ಯದ ಸ್ಥಿತಿಯನ್ನು ನೋಡೋಣ. ಒಂದೇ ಮನೆಯಲ್ಲಿ ಮೂವರು ಅಕ್ಕತಂಗಿಯರಿದ್ದಾರೆಂದು ಭಾವಿಸಿರಿ. ಹಿರಿಯಳು 2019ರಲ್ಲಿ ಪದವಿಗೆ ಸೇರಿದಳು. ಆಕೆಯದು ಮೂರು ವರ್ಷದ ಹಳೆಯ ಕ್ರಮ. ನಡುವಿನವಳು 2021ರಲ್ಲಿ ಸೇರಿದಳು. ಆ ವರ್ಷ ನಮ್ಮ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಜಾರಿಗೆ ತಂದುದರಿಂದ ಅವಳಿಗೆ ನಾಲ್ಕು ವರ್ಷದ ಕ್ರಮವೂ, ಅದರೊಳಗೆ ಮುಕ್ತ ಐಚ್ಛಿಕವೆಂದು ಕರೆಯಲ್ಪಟ್ಟ ಅನ್ಯವಿಭಾಗದ ವಿಷಯಗಳೂ ಬಂದವು. ಕಿರಿಯಳು 2024ರಲ್ಲಿ ಸೇರುವಷ್ಟರಲ್ಲಿ ಸರ್ಕಾರವು ಆ ಕ್ರಮವನ್ನು ತೆಗೆದು ಪುನಃ ಮೂರು ವರ್ಷದ ಪದವಿಗೇ ಹಿಂದಿರುಗಿತ್ತು. ಹೀಗೆ ಐದು ವರ್ಷಗಳ ಅವಧಿಯಲ್ಲಿ ಒಂದೇ ತಾಯಿಯ ಮಕ್ಕಳು ಮೂರು ಬಗೆಯ ಕ್ರಮಗಳಲ್ಲಿ ಓದಬೇಕಾಯಿತು. ಅಕ್ಕನ ಪುಸ್ತಕವು ತಂಗಿಗೆ ಬರುವ ಕಾಲವು ಹೀಗೆಯೇ ಹೋಯಿತೆಂದು ತಾಯಿಯೊಬ್ಬರು ನನ್ನೊಡನೆ ಹೇಳಿಕೊಂಡುದು ಹಾಸ್ಯವಾಗಿ ಕಂಡರೂ ಹಾಸ್ಯವಲ್ಲ.

ನಾಲ್ಕನೆಯ ವರ್ಷವನ್ನು ತೆಗೆದುದಕ್ಕೆ ನನಗೆ ವ್ಯಸನವಿಲ್ಲ. ಸಂಶೋಧನೆಗೆ ಹೋಗುವವರಿಗೆ ಅದು ಉಪಯುಕ್ತವಾದುದಾಗಿರಬಹುದು; ಆದರೆ ನಮ್ಮಲ್ಲಿಗೆ ಬರುವ ಕುಟುಂಬಗಳಲ್ಲಿ ಒಂದು ವರ್ಷವೆಂದರೆ ಒಂದು ವರ್ಷದ ಶುಲ್ಕ, ಒಂದು ವರ್ಷದ ಸಂಬಳದ ನಷ್ಟ, ಮತ್ತು ಹುಡುಗಿಯಾದರೆ, ಮದುವೆಯ ಮಾತನ್ನು ಎತ್ತಲು ನೆಂಟರಿಷ್ಟರಿಗೆ ಒಂದು ವರ್ಷದ ಅವಕಾಶ. ಅಂತೂ ವಿದ್ಯಾಭ್ಯಾಸದ ವಿಸ್ತಾರವನ್ನು ಹೆಚ್ಚಿಸುವುದಕ್ಕಾಗಿ ಅದರ ಉದ್ದವನ್ನು ಹೆಚ್ಚಿಸಬೇಕೆಂಬ ವಾದವನ್ನು ನಾನು ಒಪ್ಪುವವಳಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿಯೂ ಮೂರು ವರ್ಷದ ಪದವಿಗೆ 120 ಕ್ರೆಡಿಟ್ಟುಗಳಿದ್ದು, ಅವುಗಳಲ್ಲಿ 9 ಮಾತ್ರವೇ ಅನ್ಯವಿಭಾಗದ ಪಾಠಗಳಿಗೆ ಮೀಸಲಾಗಿವೆ. ಭಾಷೆ, ಕೌಶಲ್ಯ, ಮೌಲ್ಯ ಮುಂತಾದವು ಬೇರೆ. ಹನ್ನೆರಡನೆಯ ತರಗತಿಯಲ್ಲಿ ಓದಿದುದನ್ನೇ ಅಲ್ಲಿ ಪುನಃ ಆರಿಸಿಕೊಳ್ಳಕೂಡದೆಂಬ ನಿಯಮವೂ ಉಂಟು. ಇದು ಒಳ್ಳೆಯ ನಿಯಮವು. 120ರಲ್ಲಿ 9 ಎಂದರೆ ನೂರಕ್ಕೆ ಏಳೂವರೆ. ಇದಕ್ಕೆ ಮೂರು ವರ್ಷಗಳೇ ಧಾರಾಳವಾಗಿ ಸಾಕು. ಹೊರೆಯೆಂದು ದೂರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಆದರೆ ಮೂಲ ತೊಂದರೆಯು ಕಾಲೇಜಿನಲ್ಲಿ ಆರಂಭವಾದುದಲ್ಲ. ಅದು ಹದಿನಾರನೆಯ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶವು ಬಂದ ವಾರದಲ್ಲಿ ಹುಡುಗಿಯು ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ಬಾಗಿಲುಗಳಲ್ಲಿ ಒಂದನ್ನು ಹೊಕ್ಕು ಉಳಿದೆರಡನ್ನು ತನ್ನ ಹಿಂದೆ ಮುಚ್ಚಿಕೊಳ್ಳಬೇಕು. ಪಿ.ಸಿ.ಎಂ.ಬಿ. ತೆಗೆದುಕೊಂಡವಳು ಚರಿತ್ರೆಯನ್ನೂ ಪೌರನೀತಿಯನ್ನೂ ಅಂದೇ ಬಿಟ್ಟಳು. ಕಲಾ ವಿಭಾಗಕ್ಕೆ ಹೋದವಳು ಬಹುತೇಕ ಗಣಿತಕ್ಕೆ ಅಂದೇ ನಮಸ್ಕಾರ ಹೇಳಿದಳು. ವಾಣಿಜ್ಯದವಳು ಜೀವಶಾಸ್ತ್ರದ ಪುಸ್ತಕವನ್ನು ಮತ್ತೆ ತೆರೆಯುವುದು ತನ್ನ ಮಗುವಿಗೆ ಪಾಠ ಹೇಳಿಕೊಡುವಾಗಲೇ. "ಅವೆಲ್ಲವನ್ನೂ ಹೈಸ್ಕೂಲಿನಲ್ಲಿ ಓದಿಯಾಯಿತಲ್ಲ" ಎಂದು ಹೇಳುವವರುಂಟು. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಗೆ ಮೇಲ್ಪಟ್ಟು ಗಣಿತ ಪಾಠ ಮಾಡಿರುವ ನಾನು ಇದಕ್ಕೆ ಉತ್ತರ ಕೊಡಬಲ್ಲೆನು. ಹದಿನಾಲ್ಕು ವರ್ಷದ ಹುಡುಗಿಗೆ ನಾವು ಹೇಳಿಕೊಡುವ ಬಡ್ಡಿಯ ಲೆಕ್ಕವು ಲೆಕ್ಕವೇ ಹೊರತು ಬಡ್ಡಿಯಲ್ಲ. ಅವಳು ಸಾಲವನ್ನು ಕಂಡಿಲ್ಲ. ಮೂಲಭೂತ ಹಕ್ಕುಗಳ ಪಟ್ಟಿಯನ್ನು ಅವಳು ಬಾಯಿಪಾಠವಾಗಿ ಒಪ್ಪಿಸುವಳು. ಆದರೆ ಮತ ಹಾಕಿಲ್ಲ, ಸಂಬಳ ಪಡೆದಿಲ್ಲ, ಕಾಗದಕ್ಕೆ ರುಜು ಹಾಕಿಲ್ಲ. ಅದೇ ಪಾಠವನ್ನು ಹತ್ತೊಂಭತ್ತನೆಯ ವಯಸ್ಸಿನಲ್ಲಿ ಮತ್ತೊಮ್ಮೆ, ದೊಡ್ಡವರಿಗೆ ಹೇಳುವಂತೆ ಹೇಳಿದಾಗಲೇ ಅದು ಪಾಠವಾಗುವುದು.

ಇದರಿಂದ ನಮ್ಮ ಹೆಣ್ಣುಮಕ್ಕಳಿಗೆ ಆಗುವ ನಷ್ಟವೆಂಥದೆಂಬುದನ್ನು ಎರಡು ದೃಷ್ಟಾಂತಗಳಿಂದ ತೋರಿಸುತ್ತೇನೆ.

ಮೊದಲನೆಯದು ಕಲಾ ವಿಭಾಗದಲ್ಲಿ ಓದಿದವಳದು. ಮನೆಗೆ ಒಂದು ಹೊಲಿಗೆಯ ಯಂತ್ರವನ್ನೋ ಫ್ರಿಜ್ಜನ್ನೋ ಕೊಳ್ಳಲು 12,000 ರೂಪಾಯಿ ಸಾಲ ಬೇಕಾಗಿದೆ. ಸಾಲ ಕೊಡುವವನು ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ, 12 ತಿಂಗಳ ಕಂತು ಎನ್ನುತ್ತಾನೆ. ಬಡ್ಡಿಯು 1,440 ರೂಪಾಯಿ, ಅಸಲೂ ಬಡ್ಡಿಯೂ ಸೇರಿ 13,440, ತಿಂಗಳಿಗೆ 1,120. ಲೆಕ್ಕವು ಸ್ಪಷ್ಟವಾಗಿದೆಯೆಂದು ಅವಳು ರುಜು ಹಾಕುತ್ತಾಳೆ. ಆದರೆ ಮೊದಲನೆಯ ಕಂತಿನಿಂದಲೇ ಅಸಲಿನ ಒಂದು ಭಾಗವು ಹಿಂದಿರುಗಲು ತೊಡಗಿತಲ್ಲವೆ? ಆರು ತಿಂಗಳಾದ ಮೇಲೆ ಅವಳ ಕೈಯಲ್ಲಿ ಉಳಿದಿರುವುದು ಆ ಸಾಲದ ಸುಮಾರು ಅರ್ಧ. ಹನ್ನೊಂದನೆಯ ತಿಂಗಳಿನಲ್ಲಿ ಹನ್ನೆರಡರಲ್ಲಿ ಒಂದು ಪಾಲಿನಷ್ಟು. ಹೀಗಿದ್ದರೂ ಅವಳು ಬಡ್ಡಿ ಕೊಡುತ್ತಿರುವುದು ಕೊನೆಯವರೆಗೂ ಪೂರ್ಣ 12,000ದ ಮೇಲೆ. ಅದೇ ನೂರಕ್ಕೆ 12ರ ದರವನ್ನು ತಿಂಗಳು ತಿಂಗಳೂ ಉಳಿದ ಬಾಕಿಯ ಮೇಲೆ ಮಾತ್ರ ಹಾಕಿದ್ದರೆ ಬಡ್ಡಿಯು ಸುಮಾರು 794 ರೂಪಾಯಿ ಆಗುತ್ತಿತ್ತು. ಬೇರೆ ರೀತಿಯಾಗಿ ಹೇಳುವುದಾದರೆ, ಅವಳು ನೂರಕ್ಕೆ 12 ಎಂದು ತಿಳಿದು ಕೊಟ್ಟುದು ನಿಜವಾಗಿ ನೂರಕ್ಕೆ 21ಕ್ಕೂ ಮೇಲಿನ ಬಡ್ಡಿ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಫ್ಲಾಟ್ ರೇಟ್ ಎಂಬ ಎರಡು ಮಾತುಗಳು ಕಾಗದದ ಯಾವುದೋ ಮೂಲೆಯಲ್ಲಿ ಅಚ್ಚಾಗಿಯೇ ಇದ್ದವು. ಸ್ವಸಹಾಯ ಸಂಘಗಳಲ್ಲಿ ಸಾವಿರಾರು ಮಂದಿ ಹೆಂಗಸರು ಹಣವನ್ನು ಕೂಡಿಸಿ ಸಾಲವನ್ನು ಹಂಚುತ್ತಿರುವ ಈ ನಾಡಿನಲ್ಲಿ, ಲೆಕ್ಕದ ಪುಸ್ತಕವನ್ನು ಬರೆಯಲು ಕರೆಯುವುದು ಪದವೀಧರೆಯನ್ನೇ. ಆಕೆಯು ಚರಿತ್ರೆಯ ಪದವೀಧರೆಯೆಂಬ ಕಾರಣದಿಂದ ಈ ವ್ಯತ್ಯಾಸವನ್ನು ತಿಳಿಯದೆ ಇರಬಹುದೆಂದು ಯಾವ ವಿಶ್ವವಿದ್ಯಾನಿಲಯವೂ ಹೇಳಲಾರದು.

ಎರಡನೆಯದು ವಿಜ್ಞಾನದವಳದು. ಇವಳು ಇಂಜಿನಿಯರು, ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ. ತಂದೆಯು ಕಾಲವಾದ ತರುವಾಯ ಅಣ್ಣಂದಿರು ಒಂದು ಕಾಗದವನ್ನು ಮುಂದಿಟ್ಟು, "ಒಂದು ಸಹಿ ಹಾಕಮ್ಮ, ಖಾತೆ ಬದಲಾಯಿಸುವುದಕ್ಕೆ" ಎನ್ನುತ್ತಾರೆ. ಹಾಕುತ್ತಾಳೆ. ಅದು ಹಕ್ಕು ಬಿಡುಗಡೆ ಪತ್ರವೆಂಬುದು ಅವಳಿಗೆ ತಿಳಿಯುವುದು ವರ್ಷಗಳಾದ ಮೇಲೆ. ಒಡಹುಟ್ಟಿದವರಿಗೆ ತನ್ನ ಪಾಲನ್ನು ತಿಳಿದು ಬಿಟ್ಟುಕೊಡುವುದು ಔದಾರ್ಯವು. ತಿಳಿಯದೆ ಬಿಟ್ಟುಕೊಡುವುದಕ್ಕೆ ಆ ಹೆಸರು ಸಲ್ಲದು. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಪಾಲು ಕೊಡುವ ಕಾನೂನನ್ನು ನಮ್ಮ ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದಿತ್ತು. 2005ರಲ್ಲಿ ದೇಶಕ್ಕೆಲ್ಲ ಅದು ವ್ಯಾಪಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ನಿಸ್ಸಂದೇಹವಾಗಿ ತೀರ್ಮಾನಿಸಿತು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅನ್ವಯಿಸುತ್ತದೆ. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಅದು ಗಂಡು ಹೆಣ್ಣು ಮಕ್ಕಳಿಗೆ ಸಮಪಾಲನ್ನು ಕೊಡುತ್ತದೆ. ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗಾದರೋ 1916ರ ಒಂದು ಸ್ಥಳೀಯ ಕಾನೂನಿನಂತೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಿಕ್ಕುತ್ತಿತ್ತು. ಮೇರಿ ರಾಯ್ ಎಂಬ ಉಪಾಧ್ಯಾಯಿನಿಯು ನ್ಯಾಯಾಲಯಕ್ಕೆ ಹೋಗಿ 1986ರಲ್ಲಿ ಅದನ್ನು ಕೊನೆಗಾಣಿಸಿದರು. ಇವುಗಳಲ್ಲಿ ಒಂದನ್ನಾದರೂ ನಾಲ್ಕು ವರ್ಷದ ಇಂಜಿನಿಯರಿಂಗ್ ವಿದ್ಯಾಭ್ಯಾಸದಲ್ಲಿ ಕೇಳಿದ್ದೀರಾ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ವಿಚಾರಿಸಿದೆನು. ಸಂವಿಧಾನದ ಒಂದು ಪತ್ರಿಕೆ ಇತ್ತು, ಸರಿಯುತ್ತರಕ್ಕೆ ಗುರುತು ಹಾಕಿ ಬಂದೆವು ಎಂದು ಹೇಳಿದರು.

ಆರೋಗ್ಯದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಬಡತನವೊಂದೇ ಇದಕ್ಕೆ ಕಾರಣವಾಗಿದ್ದರೆ ಓದಿದ ಮನೆಗಳಲ್ಲಿ ಇದು ಇರಬಾರದಾಗಿತ್ತು. ಊಟವಾದ ಕೂಡಲೆ ಚಹಾ ಕುಡಿಯುವುದರಿಂದ ಆಹಾರದ ಕಬ್ಬಿಣವು ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲವೆಂಬ ಸಣ್ಣ ಸಂಗತಿಯನ್ನು ತಿಳಿಯದ ವಾಣಿಜ್ಯ ಪದವೀಧರೆಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಇನ್ನು, ಕಡ್ಡಾಯ ಮಾಡಿದರೆ ಆಸಕ್ತಿಯು ಸಾಯುತ್ತದೆ, ಪ್ರಾಯಕ್ಕೆ ಬಂದ ವಿದ್ಯಾರ್ಥಿಗಳು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳಲಿ ಎಂಬ ಆಕ್ಷೇಪಣೆಯುಂಟು. ಇದು ಬಲವಾದ ಆಕ್ಷೇಪಣೆಯೇ. ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ 1869ರಿಂದ 1909ರವರೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರು ಕಡ್ಡಾಯ ವಿಷಯಗಳನ್ನು ಒಂದೊಂದಾಗಿ ತೆಗೆದುಹಾಕಿ, ಬಹುಮಟ್ಟಿಗೆ ಎಲ್ಲವನ್ನೂ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟರು. ಅದರಿಂದ ಹೊಸ ಶಾಸ್ತ್ರಗಳಿಗೆ ಅಲ್ಲಿ ಸ್ಥಾನ ದೊರೆಯಿತೆಂಬುದು ನಿಜ. ಆದರೆ ಅನೇಕ ವಿದ್ಯಾರ್ಥಿಗಳು ಅಲ್ಲೊಂದು ಇಲ್ಲೊಂದು ಪ್ರಾರಂಭದ ಪಾಠಗಳನ್ನೇ ಆರಿಸಿಕೊಂಡು, ಯಾವುದರಲ್ಲಿಯೂ ಆಳಕ್ಕೆ ಹೋಗದೆ ಪದವಿಯನ್ನು ಪಡೆದು ಹೊರಟುಹೋಗುತ್ತಿದ್ದರು. ಅವರ ತರುವಾಯ ಬಂದ ಲಾವೆಲ್ಲರು ಒಂದು ವಿಷಯದಲ್ಲಿ ಆಳವೂ, ಉಳಿದ ವಿಭಾಗಗಳಲ್ಲಿ ಹಂಚಿಕೆಯೂ ಇರಬೇಕೆಂಬ ನಿಯಮವನ್ನು ತಂದರು. ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1919ರಲ್ಲಿ, ಹೊಸ ವಿದ್ಯಾರ್ಥಿಗಳೆಲ್ಲರೂ ಓದಲೇಬೇಕಾದ ನಾಗರಿಕತೆಯ ಪಾಠವೊಂದನ್ನು ಆರಂಭಿಸಿದರು. ಅದು ಬದಲಾವಣೆಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಅದು ಬಾಳಿದುದಕ್ಕೆ ಕಾರಣವು ಪಠ್ಯದ ಪಟ್ಟಿಯೊಂದೇ ಅಲ್ಲವೆಂದು ನಾನು ಎಣಿಸುತ್ತೇನೆ. ಅಲ್ಲಿ ಸುಮಾರು ಇಪ್ಪತ್ತು ಮಂದಿಯ ಚಿಕ್ಕ ಗುಂಪುಗಳಲ್ಲಿ ಅಧ್ಯಾಪಕರೊಡನೆ ಕುಳಿತು ಓದಿದುದನ್ನು ಚರ್ಚಿಸುತ್ತಾರೆ. ಇದಕ್ಕೆ ಪ್ರತಿಯಾಗಿ ಬ್ರೌನ್ ವಿಶ್ವವಿದ್ಯಾನಿಲಯವು 1969ರಲ್ಲಿ ಇಂಥ ಹಂಚಿಕೆಯ ಕಡ್ಡಾಯವನ್ನು ತೆಗೆದುಬಿಟ್ಟಿತು. ಅಲ್ಲಿಯೂ ವಿದ್ಯೆಯು ನಡೆಯುತ್ತಲೇ ಇದೆ. ಆದರೆ ಅಲ್ಲಿಗೆ ಹೋಗುವವರು ಸಾವಿರಾರು ಅರ್ಜಿಗಳಲ್ಲಿ ಆರಿಸಿ ತೆಗೆಯಲ್ಪಟ್ಟವರು, ಸಲಹೆ ಕೊಡುವ ಅಧ್ಯಾಪಕರುಳ್ಳವರು. ತಾಲ್ಲೂಕು ಕೇಂದ್ರದಲ್ಲಿ ಓದುವ, ಮನೆಯಲ್ಲಿ ಮೊದಲನೆಯ ಪದವೀಧರೆಯಾಗಲಿರುವ ನಮ್ಮ ಹುಡುಗಿಗೆ ಆರಿಸಿಕೋ ಎಂದು ಬಿಟ್ಟರೆ, ಆರಿಸುವವರು ಅವಳ ಸ್ನೇಹಿತೆಯರು, ಇಲ್ಲವೆ ಬಸ್ಸಿನ ವೇಳೆ.

ನಮ್ಮ ದೇಶದಲ್ಲಿ ಈ ಯೋಚನೆಯು ಹೊಸದೇನೂ ಅಲ್ಲ. ಸರ್ವಪಲ್ಲಿ ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ 1948ರಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು 1949ರಲ್ಲಿ ತನ್ನ ವರದಿಯನ್ನು ಒಪ್ಪಿಸಿದಾಗ, ವಿಶೇಷಾಧ್ಯಯನದ ಇಕ್ಕಟ್ಟನ್ನು ಸರಿಪಡಿಸಲು ಸಾಮಾನ್ಯ ಶಿಕ್ಷಣದ ಪಾಠಗಳನ್ನು ಬೇಗನೆ ಆರಂಭಿಸಬೇಕೆಂದು ಸಲಹೆ ಮಾಡಿತ್ತು. ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಪ್ರಯೋಗವೂ ನಡೆಯಿತು, ಬೇರೂರಲಿಲ್ಲ. ಬಹುಕಾಲದ ಮೇಲೆ, 1991ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಪರಿಸರ ಜ್ಞಾನವನ್ನು ಶಿಕ್ಷಣದಲ್ಲಿ ಕಡ್ಡಾಯವಾಗಿ ಸೇರಿಸಬೇಕೆಂದು ನಿರ್ದೇಶಿಸಿತು. 2003-04ರ ಸುಮಾರಿಗೆ ಅದು ಎಲ್ಲಾ ಪದವಿ ತರಗತಿಗಳಿಗೂ ಒಂದು ಪತ್ರಿಕೆಯಾಗಿ ಬಂದಿತು. ಹೊಲ, ಕೆರೆ, ಕಾಡು, ಕಸ ಇವೆಲ್ಲವೂ ಕಣ್ಣೆದುರಿಗೇ ಇರುವಾಗ ಇದಕ್ಕಿಂತಲೂ ಸ್ವಾರಸ್ಯವಾದ ವಿಷಯವು ಬೇರೆ ಯಾವುದು? ಆದರೆ ಪರೀಕ್ಷೆಗೆ ಮುಂಚಿನ ವಾರದಲ್ಲಿ ಕೊಂಡ ತೆಳುವಾದ ಗೈಡಿನಿಂದ ಓಜೋನಿನ ಪದರವನ್ನೂ ಹಸುರುಮನೆಯ ಪರಿಣಾಮವನ್ನೂ ಕಂಠಪಾಠ ಮಾಡಿ ಬರೆದುಬಂದವರು ಅನೇಕರಿದ್ದಾರೆ. ಅವರಲ್ಲಿ ಎಷ್ಟು ಮಂದಿಯನ್ನು ಅಧ್ಯಾಪಕರು ಊರಿನ ಕೆರೆಯ ಏರಿಗೆ ಕರೆದುಕೊಂಡು ಹೋದರು?

ಮುಕ್ತ ಐಚ್ಛಿಕಗಳ ಕಥೆಯೂ ಕೆಲವೆಡೆಗಳಲ್ಲಿ ಹೀಗೆಯೇ ಆಯಿತೆಂದು ಕಾಲೇಜುಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಂದ ಕೇಳಿದ್ದೇನೆ. ಯಾವ ವಿಷಯವನ್ನು ತೆರೆಯಬೇಕೆಂಬುದನ್ನು ನಿರ್ಧರಿಸಿದುದು ವಿದ್ಯಾರ್ಥಿನಿಗೆ ಯಾವುದು ಅಗತ್ಯವೆಂಬ ವಿಚಾರವಲ್ಲ; ಯಾವ ವಿಭಾಗದವರಿಗೆ ಕಾರ್ಯಭಾರವು ಕಡಿಮೆಯಿದೆ ಎಂಬ ಪಟ್ಟಿ. ವಾರದ ಘಂಟೆಗಳು ತುಂಬದಿದ್ದ ಅಧ್ಯಾಪಕರಿಗೆ ಘಂಟೆಗಳು ದೊರೆತವು. ನೂರಿಪ್ಪತ್ತು ಮಂದಿ ಹುಡುಗಿಯರನ್ನು ಒಂದು ಸಭಾಂಗಣದಲ್ಲಿ ಕೂರಿಸಿ ಮಧ್ಯಾಹ್ನ ಮೂರು ಘಂಟೆಗೆ ಪಾಠ ನಡೆಯಿತು. ಇದಕ್ಕೆ ಅಧ್ಯಾಪಕರನ್ನು ನಿಂದಿಸುವುದು ಸರಿಯಲ್ಲ. ಅತಿಥಿ ಉಪನ್ಯಾಸಕಿಯಾಗಿ ವರ್ಷ ವರ್ಷವೂ ಹೊಸದಾಗಿ ನೇಮಕವಾಗಬೇಕಾದವಳು, ತನ್ನ ವಿಷಯವಲ್ಲದವರಿಗೆ ತನ್ನ ವಿಷಯವನ್ನು ಹೇಗೆ ಹೇಳಿಕೊಡಬೇಕೆಂದು ಯೋಚಿಸಲು ಬಿಡುವು ಎಲ್ಲಿಂದ ತರುವಳು? ಭೌತಶಾಸ್ತ್ರಜ್ಞೆಯಾಗುವವಳಿಗೆ ಹೇಳುವ ಭೌತಶಾಸ್ತ್ರವೇ ಬೇರೆ, ಕವಿತೆಯನ್ನು ಓದುವವಳಿಗೆ ಹೇಳುವ ಭೌತಶಾಸ್ತ್ರವೇ ಬೇರೆ. ಎರಡನೆಯದು ಮೊದಲನೆಯದರ ಕತ್ತರಿಸಿದ ತುಂಡಲ್ಲ. ಅದನ್ನು ಹೇಳಲು ಹೆಚ್ಚಿನ ಪಾಂಡಿತ್ಯವೂ ಹೆಚ್ಚಿನ ಅನುಭವವೂ ಬೇಕು. ಆದುದರಿಂದ ಇಂಥ ಪಾಠಗಳನ್ನು ವಿಭಾಗದ ಅತ್ಯಂತ ಹಿರಿಯ ಅಧ್ಯಾಪಕರಿಗೇ ಒಪ್ಪಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯವು. ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದರ ವಿಪರೀತ.

ಹಾಗಾದರೆ ಏನನ್ನು ಓದಿಸಬೇಕು? ಪಟ್ಟಿಯನ್ನು ಉದ್ದ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಯೋಗವೂ ಬೇಕು, ಕಂಪ್ಯೂಟರೂ ಬೇಕು, ಕ್ರೀಡೆಯೂ ಬೇಕು, ನೀತಿಬೋಧೆಯೂ ಬೇಕೆಂದು ಒಂದೊಂದು ಸಮಿತಿಯೂ ಒಂದೊಂದನ್ನು ಸೇರಿಸುತ್ತಾ ಹೋದರೆ ಕೊನೆಗೆ ಯಾವುದಕ್ಕೂ ವಾರಕ್ಕೆ ಒಂದು ಘಂಟೆಯ ಮೇಲೆ ಸಿಕ್ಕದು. ನನ್ನನ್ನು ಕೇಳುವುದಾದರೆ, ವಿಜ್ಞಾನದವಳಿಗೆ ಕಾನೂನು ಮತ್ತು ಈ ದೇಶದ ಚರಿತ್ರೆ. ಕಲೆಯವಳಿಗೆ ಸಂಖ್ಯೆಗಳನ್ನು ಓದುವ ವಿದ್ಯೆ. ವಾಣಿಜ್ಯದವಳಿಗೆ ಶರೀರಶಾಸ್ತ್ರ ಮತ್ತು ಆರೋಗ್ಯ. ಮತ್ತು ಎಲ್ಲರಿಗೂ, ಯಾವ ವಿಭಾಗದವರೇ ಆಗಲಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಎರಡು ಪುಟಗಳನ್ನು ತಪ್ಪಿಲ್ಲದೆ, ತನ್ನ ಸ್ವಂತ ಮಾತುಗಳಲ್ಲಿ, ಕಾರಣ ಕೊಟ್ಟು ಬರೆಯುವ ಅಭ್ಯಾಸ. ಈ ಕೊನೆಯದನ್ನು ನಾನು ಎಲ್ಲಕ್ಕಿಂತಲೂ ಮೇಲಾಗಿ ಎಣಿಸುತ್ತೇನೆ. ಈಗ ಯಂತ್ರಕ್ಕೆ ಒಂದು ಮಾತು ಹೇಳಿದರೆ ಅದು ಎರಡು ಪುಟಗಳನ್ನು ಕ್ಷಣದಲ್ಲಿ ಬರೆದು ಕೊಡುತ್ತದೆ. ಆ ಎರಡು ಪುಟಗಳಲ್ಲಿ ನಿಜವೆಷ್ಟು, ಪೊಳ್ಳೆಷ್ಟು ಎಂಬುದನ್ನು ಹೇಳಬಲ್ಲವಳು ತಾನು ಬರೆದು, ಅಳಿಸಿ, ಪುನಃ ಬರೆದು ಅಭ್ಯಾಸವಿರುವವಳೇ. ಪರೀಕ್ಷೆಯೂ ಅದಕ್ಕೆ ತಕ್ಕಂತೆ ಇರಬೇಕು. ಕಾನೂನಿನ ಪಾಠದ ಪರೀಕ್ಷೆಯಲ್ಲಿ ಒಂದು ಬಾಡಿಗೆ ಕರಾರನ್ನು ಕೈಗೆ ಕೊಟ್ಟು, ಇದರಲ್ಲಿ ಬಾಡಿಗೆದಾರಳಿಗೆ ಅನ್ಯಾಯವಾಗುವ ಷರತ್ತುಗಳು ಯಾವುವೆಂದು ಕೇಳಲಿ. ಯಾವ ಗೈಡೂ ಅದಕ್ಕೆ ಉತ್ತರವನ್ನು ಅಚ್ಚುಹಾಕಲಾರದು.

ಕಠಿಣವಾದ ವಿದ್ಯೆಗಳನ್ನು ಕಲಿಸುವವರೇ ಇದರ ಅಗತ್ಯವನ್ನು ಒಪ್ಪಿಕೊಂಡಿದ್ದಾರೆಂಬುದನ್ನು ಇಲ್ಲಿ ಜ್ಞಾಪಿಸಬೇಕು. ಐ.ಐ.ಟಿ.ಗಳಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮಾನವಿಕ ಮತ್ತು ಸಮಾಜಶಾಸ್ತ್ರಗಳ ಪಾಠಗಳನ್ನೂ ಓದಬೇಕು. 2019ರಲ್ಲಿ ಬಂದ ವೈದ್ಯಕೀಯ ಪಠ್ಯಕ್ರಮದಲ್ಲಿ ರೋಗಿಯೊಡನೆ ಹೇಗೆ ವರ್ತಿಸಬೇಕು, ಹೇಗೆ ಮಾತನಾಡಬೇಕು, ವೈದ್ಯನ ಧರ್ಮವೇನು ಎಂಬುದು ಪ್ರತ್ಯೇಕ ಪಾಠವಾಗಿದೆ. ವೈದ್ಯರಾಗುವವರಿಗೇ ಬೇಕಾದುದು ಬಿ.ಕಾಂ.ನವಳಿಗೆ ಹೊರೆಯಾಗುವುದು ಹೇಗೆ?

ನಮ್ಮ ಕನ್ನಡ ನಾಡಿನಲ್ಲಿಯಂತೂ ಎರಡು ವಿದ್ಯೆಗಳಲ್ಲಿ ನೆಲೆಯಾಗಿದ್ದವರ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರೇ ಪಂಪಭಾರತವನ್ನು ಸಂಪಾದಿಸಿ 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಪ್ರಕಟಿಸಿದರು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಎಂಬ ಗಿಡಮರಗಳ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ಕಾದಂಬರಿಗಳನ್ನು ಬರೆದುದಲ್ಲದೆ, 'ತಾಯಿ ಮಗು', 'ವಧುವಿಗೆ ಕಿವಿಮಾತು' ಮುಂತಾದ ಪುಸ್ತಕಗಳ ಮೂಲಕ ಆಸ್ಪತ್ರೆಯ ಮಾತುಗಳನ್ನು ಕನ್ನಡದ ಮನೆಮನೆಗೂ ತಲುಪಿಸಿದರು. ಇಂಥವರನ್ನು ಯಾವ ನಿಯಮವೂ ನಿರ್ಮಿಸಲಿಲ್ಲ, ಅವರು ಸ್ವಂತ ಪ್ರತಿಭೆಯಿಂದ ಮೇಲೆ ಬಂದರೆಂದು ನೀವು ಹೇಳಬಹುದು, ನಿಜವೇ. ಅವರಿಗೆ ನಿಯಮವು ಬೇಕಾಗಿಯೂ ಇರಲಿಲ್ಲ. ನಿಯಮವು ಬೇಕಾದುದು ಸಾಧಾರಣ ಹುಡುಗಿಗೆ. ಒಂದು ಬಾಗಿಲನ್ನು ತಾನಾಗಿ ತಟ್ಟುವ ಧೈರ್ಯವಿಲ್ಲದವಳಿಗೆ, ಒಳಗೆ ಏನಿದೆಯೆಂದು ಹೇಳುವವರು ಮನೆಯಲ್ಲಿ ಇಲ್ಲದವಳಿಗೆ.

ಮಾತಾಪಿತೃಗಳಲ್ಲಿ ನನ್ನದೊಂದು ವಿಜ್ಞಾಪನೆ. ಕಾಲೇಜಿನಲ್ಲಿ ಪ್ರವೇಶದ ದಿನ ಫಲಿತಾಂಶವೆಷ್ಟು, ನೇಮಕಾತಿ ಎಷ್ಟು ಎಂದು ಕೇಳುವಿರಷ್ಟೆ. ಅದರ ಜೊತೆಗೆ ಹೊರಗಿನ ವಿಷಯಗಳನ್ನು ಯಾರು ಬೋಧಿಸುತ್ತಾರೆ, ಒಂದು ತರಗತಿಯಲ್ಲಿ ಎಷ್ಟು ಮಂದಿ ಕೂರುತ್ತಾರೆ, ವರ್ಷಕ್ಕೆ ಎಷ್ಟು ಪ್ರಬಂಧಗಳನ್ನು ಬರೆಸಿ ತಿದ್ದುತ್ತಾರೆ ಎಂದೂ ಕೇಳಿರಿ. ಪ್ರಾಂಶುಪಾಲರಿಗೆ ಈ ಪ್ರಶ್ನೆಯು ಹತ್ತು ತಂದೆಗಳಿಂದ ಬಂದರೆ ಹನ್ನೊಂದನೆಯ ವರ್ಷದಲ್ಲಿ ಆಗದ ಬದಲಾವಣೆಯು ಮುಂದಿನ ಜೂನಿನಲ್ಲಿಯೇ ಆದೀತು. ವಿಶ್ವವಿದ್ಯಾನಿಲಯಗಳ ಅಧ್ಯಯನ ಮಂಡಳಿಗಳಲ್ಲಿ ಸದಸ್ಯೆಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಪಠ್ಯದಲ್ಲಿ ಹೊಸ ಘಟಕವನ್ನು ಸೇರಿಸುವ ಮೊದಲು ಹಳೆಯ ಎರಡನ್ನು ತೆಗೆಯುವ ಧೈರ್ಯವನ್ನು ಮಾಡಬೇಕೆಂದೂ ಕೋರುತ್ತೇನೆ.

ನಮ್ಮ ಶಾಲೆಯ ಮಟ್ಟಿಗೆ ಹೇಳುವುದಾದರೆ, ನಾವು ಪದವಿಯ ಕ್ರಮವನ್ನು ಬದಲಾಯಿಸಲಾರೆವು. ಆದರೆ ಹತ್ತನೆಯ ತರಗತಿಯ ಹುಡುಗಿಯರು ಮೂರು ಬಾಗಿಲುಗಳ ಮುಂದೆ ನಿಲ್ಲುವ ಮುನ್ನ ಅವರೊಡನೆ ಮಾತನಾಡಬಲ್ಲೆವು. ಬರುವ ಜೂನಿನಿಂದ ತಿಂಗಳಿಗೊಂದು ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ ಒಂದು ಘಂಟೆಯನ್ನು ಇದಕ್ಕಾಗಿ ಇಟ್ಟಿದ್ದೇವೆ. ಬ್ಯಾಂಕಿನಲ್ಲಿರುವವರು ಸಾಲದ ಒಂದು ನಿಜವಾದ ಅರ್ಜಿಯನ್ನೂ, ವಕೀಲರು ಒಂದು ಬಿಡುಗಡೆ ಪತ್ರದ ನಮೂನೆಯನ್ನೂ, ದಾದಿಯರು ಮತ್ತು ವೈದ್ಯರು ಒಂದು ರಕ್ತಪರೀಕ್ಷೆಯ ವರದಿಯನ್ನೂ ಕೈಯಲ್ಲಿ ಹಿಡಿದುಕೊಂಡು ಬರಬೇಕು. ಭಾಷಣವನ್ನು ಬರೆದು ತರುವ ಅಗತ್ಯವಿಲ್ಲ. ಬರಲು ಸಾಧ್ಯವಿರುವ ಹಳೆಯ ವಿದ್ಯಾರ್ಥಿನಿಯರು ಏಪ್ರಿಲ್ ತಿಂಗಳ ಒಳಗಾಗಿ ತಮಗೆ ಅನುಕೂಲವಾದ ಶನಿವಾರವನ್ನು ಶಾಲೆಯ ಕಛೇರಿಗೆ ತಿಳಿಸಬೇಕು. ದೂರದ ಊರುಗಳಿಂದ ಬರುವವರಿಗೆ ಹಾಸ್ಟೆಲಿನಲ್ಲಿ ಊಟದ ಏರ್ಪಾಡು ಇರುತ್ತದೆ.